ಹಸೆಗೋಡೆಯೂ ಯಮುನಮ್ಮನ ಭುಜವೂ

ಯಮುನಮ್ಮನಿಗೆ ಪ್ರಶ್ನೆ ಕೇಳುವ ಚಟ. ಅದು ಹುಟ್ಟಿನಿಂದಲೇ ಬಂದದ್ದು ಎಂದು ಅವಳ ಅಕ್ಕ ಪುಷ್ಪಮ್ಮ ಹೇಳಿದರೆ, ಮದುವೆಯಾದ ಮೇಲೆ ಹೆಚ್ಚಾದದ್ದು ಎಂದು ಗಂಡ ಮಾಸ್ತಪ್ಪ ಹೇಳುತ್ತಾನೆ. ಯಾರ ಮಾತು ನಿಜವೋ, ಐವತ್ತೇಳು ವರ್ಷದ ಈ ಹೆಂಗಸು ಹೆಗ್ಗೋಡಿನಿಂದ ಸಾಗರಕ್ಕೆ ಹೋಗುವಷ್ಟರಲ್ಲಿ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರ ತವರು, ಕಾಯಿಲೆ, ಮಗಳಿಗೆ ಬಂದ ಸಂಬಂಧ ಎಲ್ಲ ತಿಳಿದುಕೊಂಡೇ ಇಳಿಯುವವಳು. ಬೋರ್‌ವೆಲ್ ಕೊರೆಯಲು ಬಂದ ತಮಿಳಿನವರನ್ನೂ ಬಿಟ್ಟಿಲ್ಲ. ಭಾಷೆ ಬಾರದ ಕಡೆ ಕೈಸನ್ನೆಯಲ್ಲಿ ಕೇಳಿದಳು. ಕೆಟ್ಟ ಮನಸ್ಸಿನಿಂದ ಅಲ್ಲವೇ ಅಲ್ಲ. ಯಾವುದೇ ಆಗಲಿ, ಒಳಗೆ ಹೇಗಿದೆ ಎಂದು ತಿಳಿಯದಿದ್ದರೆ ಅವಳಿಗೆ ಊಟ ಸೇರುವುದಿಲ್ಲ, ಅಷ್ಟೇ.

ಹಾಗಾಗಿ ತನ್ನದೇ ಭುಜದೊಳಗೆ ಏನೋ ಕಿತ್ತುಹೋಯಿತು ಎಂದಾಗ ಅವಳಿಗೆ ನೋವಿನಷ್ಟೇ ಕುತೂಹಲವೂ ಆಯಿತು. ಕಿತ್ತದ್ದು ಹುಲಿಕಲ್ ಘಾಟಿಯಲ್ಲಿ. ಡಿಸೆಂಬರಿನಲ್ಲಿ ಕುಂದಾಪುರದ ಕಡೆಯ ನೆಂಟರ ಮನೆಯಿಂದ ಬರುವಾಗ ಬಸ್ಸಿನಲ್ಲಿ ಸೀಟು ಸಿಗದೆ ಮೇಲಿನ ಸರಳು ಹಿಡಿದು ನಿಂತಿದ್ದಳು. ತಿರುವಿನಲ್ಲಿ ಕಾಡುಕೋಣವೊಂದು, ಅಲ್ಲಿನವರ ಬಾಯಲ್ಲಿ ಕಾಟಿ, ಅಡ್ಡ ಬಂತೆಂದು ಡ್ರೈವರ್ ಬ್ರೇಕ್ ಒತ್ತಿದ. ಬಸ್ಸಿನಲ್ಲಿದ್ದವರೆಲ್ಲ ಮುಂದಕ್ಕೆ ಹೋದರು, ಯಮುನಮ್ಮನ ಬಲಗೈ ಮಾತ್ರ ಸರಳಿನ ಹತ್ತಿರವೇ ಉಳಿಯಿತು. ಭುಜದೊಳಗೆ ಹಸಿ ಕಡ್ಡಿ ಮುರಿದಂತೆ ಸದ್ದಾಯಿತಂತೆ. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಅವಳು ಕಂಡಕ್ಟರನನ್ನು ಕೇಳಿದ್ದು, "ಕಾಟಿ ಒಂದೇ ಇತ್ತಾ, ಸಂಗ್ತಿಗೆ ಕರು ಇತ್ತಾ?" ಎಂದು.

ಎಣ್ಣೆ ತಿಕ್ಕಿದ್ದಾಯಿತು, ಕಾಸಿದ್ದಾಯಿತು, ಹೊಸನಗರದ ಹತ್ತಿರ ಯಾರೋ ಉಳುಕು ತೆಗೆಯುತ್ತಾರೆಂದು ಅಲ್ಲಿಗೂ ಹೋಗಿ ಬಂದದ್ದಾಯಿತು. ಕೈ ಮಾತ್ರ ಎದೆಯಿಂದ ಮೇಲೆ ಏಳಲಿಲ್ಲ. ಕೊನೆಗೆ ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಡಾಕ್ಟರ್ ಹರ್ಷವರ್ಧನ ಎನ್ನುವವರು ಎಂಆರ್‌ಐ ತೆಗೆಸಿ ನೋಡಿ, ಸ್ನಾಯುವನ್ನು ಎಲುಬಿಗೆ ಹಿಡಿದಿಡುವ ನಾರು ಕಿತ್ತು ಬಂದಿದೆ, ಆಪರೇಷನ್ ಮಾಡಿ ಹೊಲಿಯಬೇಕು ಎಂದರು.

"ಕಿತ್ತಿದ್ದು ಎಲ್ಲಿಗೆ ಹೋಗಿದೆ?" ಯಮುನಮ್ಮ ಕೇಳಿದಳು.

"ಎಲ್ಲೂ ಹೋಗಿಲ್ಲ ಅಮ್ಮ, ಒಳಗೇ ಸ್ವಲ್ಪ ಹಿಂದೆ ಸರಿದಿದೆ. ಎಲುಬಿಗೆ ಸಣ್ಣ ಮೊಳೆಯಂಥದ್ದು ಕೂರಿಸಿ, ದಾರದಲ್ಲಿ ನಾರನ್ನ ಎಳೆದು ಕಟ್ತೀವಿ."

"ದಾರ ಎಂಥದು? ಕೊಳೆಯೋದಿಲ್ವಾ? ಮೊಳೆಗೆ ತುಕ್ಕು?"

ಡಾಕ್ಟರು ಒಳ್ಳೆಯವರು, ಎಲ್ಲದಕ್ಕೂ ಉತ್ತರ ಕೊಟ್ಟರು. ಆಪರೇಷನ್ ಆದ ಮೂರನೆಯ ದಿನ ಒಳಗಿನ ವೀಡಿಯೊವನ್ನೂ ತೋರಿಸಿದರು. ನೀರಿನೊಳಗೆ ಬೆಳ್ಳಗೆ ತೇಲಾಡುತ್ತಿದ್ದ ಎಳೆಗಳನ್ನು ಕಂಡು ಯಮುನಮ್ಮ ಮಂಚದ ಮೇಲೆ ಎದ್ದು ಕೂತಳು. "ಇದು ನಮ್ಮ ಪುಂಡಿನಾರು ಅಲ್ದಾ! ಕೇಳಿದ್ರಾ, ನನ್ನ ಒಳಗೆ ಪುಂಡಿನಾರಿದೆ," ಎಂದು ಗಂಡನನ್ನು ಕರೆದು ತೋರಿಸಿದಳು. ಮಾಸ್ತಪ್ಪ ಒಂದು ಸಲ ನೋಡಿ, ತಲೆ ತಿರುಗಿ, ಹೊರಗಿನ ಬೆಂಚಿನ ಮೇಲೆ ಹೋಗಿ ಕೂತ.

ಪುಂಡಿನಾರು ಅವಳ ಬಾಯಿಗೆ ಸುಮ್ಮನೆ ಬಂದದ್ದಲ್ಲ. ಯಮುನಮ್ಮ ಹಸೆ ಬರೆಯುವವಳು. ಮಲೆನಾಡಿನ ದೀವರ ಜನರ ಮನೆಗಳಲ್ಲಿ ಮದುವೆಯೆಂದರೆ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಅರೆದ ಬಿಳಿಯಲ್ಲಿ ಚಿತ್ತಾರ ಬರೆಯಬೇಕು, ಅದರ ಮುಂದೆ ಮದುಮಕ್ಕಳನ್ನು ಕೂರಿಸಬೇಕು. ಆ ಚಿತ್ತಾರವೇ ಹಸೆ. ಅದನ್ನು ಬಿಡಿಸುವುದು ಎನ್ನುವುದಿಲ್ಲ, ಬರೆಯುವುದು ಎನ್ನುತ್ತಾರೆ. ಪುಂಡಿನಾರು ಜಜ್ಜಿ ಮಾಡಿದ ಕುಂಚದಲ್ಲಿ ಕೂದಲಷ್ಟು ಸಣ್ಣ ಗೆರೆ ಎಳೆಯಬೇಕು. ಒಂದೊಂದು ಗೆರೆಗೂ ಎಳೆ ಎಂದು ಹೆಸರು. ಎಳೆ ನಡುಗಬಾರದು, ಅರ್ಧಕ್ಕೆ ನಿಲ್ಲಬಾರದು. ಆಳೆತ್ತರದ ಗೋಡೆ, ಎರಡು ಮೂರು ದಿನದ ಕೆಲಸ. ಬ್ಯಾಕೋಡಿನಿಂದ ಹೊಸನಗರದವರೆಗೆ ಯಮುನಮ್ಮನ ಕೈಯ ಹಸೆಯ ಮುಂದೆ ಕೂತು ಮದುವೆಯಾದವರಿಗೆ ಈಗ ಮಕ್ಕಳ ಮದುವೆಯ ವಯಸ್ಸು.

ಬರುವ ಮೇ ತಿಂಗಳಲ್ಲಿ ಅವಳ ಕಿರಿಯ ಮಗ ಶಿವರಾಮನ ಮದುವೆ. ಆಪರೇಷನ್ ಆದದ್ದು ಜನವರಿಯಲ್ಲಿ. ಮನೆಗೆ ಹೊರಡುವ ದಿನ ಅವಳು ಡಾಕ್ಟರನ್ನು ಕೇಳಿದಳು, "ಅಷ್ಟೊತ್ತಿಗೆ ಹಸೆ ಬರೀಬಹುದಲ್ಲ?"

ಹಸೆ ಎಂದರೆ ಏನೆಂದು ಡಾಕ್ಟರು ಕೇಳಿ ತಿಳಿದುಕೊಂಡರು. ತಲೆಯಿಂದ ಮೇಲೆ ಕೈ ಎತ್ತಿಕೊಂಡು ಎಷ್ಟು ಹೊತ್ತು ಎಂದು ವಿಚಾರಿಸಿದರು. ಆಮೇಲೆ ಹೇಳಿದರು: "ಆರು ವಾರ ಕೈ ಕುತ್ತಿಗೆಗೆ ಕಟ್ಟಿದ ಈ ಜೋಳಿಗೆಯಲ್ಲೇ ಇರಬೇಕು. ನಾರು ಎಲುಬಿಗೆ ಕಚ್ಚಿಕೊಳ್ಳೋಕೆ ಮೂರು ತಿಂಗಳು. ಅಲ್ಲಿವರೆಗೆ ಹಿಡ್ಕೊಂಡಿರೋದು ದಾರ ಮಾತ್ರ. ನೋವಿಲ್ಲ ಅಂತ ಕೈ ಎತ್ತಿದ್ರೆ ಮತ್ತೆ ಹರಿಯಬಹುದು. ಎರಡನೇ ಸಲ ಹೊಲಿಯೋದು ಇಷ್ಟು ಸಲೀಸಲ್ಲ. ಆರು ತಿಂಗಳು ಕಳೀಲಿ ಅಮ್ಮ, ಆಮೇಲೆ ಜೀವಮಾನ ಪೂರ್ತಿ ಬರೀರಿ."

ಜೀವಮಾನದ ಮಾತು ಯಾರು ಕೇಳಿದರು? ಅವಳಿಗೆ ಬೇಕಾಗಿದ್ದದ್ದು ಮೇ ತಿಂಗಳು. ಊರೂರಿಗೆ ಬರೆದವಳ ಸ್ವಂತ ಮಗ ಬೋಳು ಗೋಡೆಯ ಮುಂದೆ ಕೂರುವುದೇ? ಶಿವಮೊಗ್ಗದಿಂದ ಮನೆ ತಲುಪುವವರೆಗೆ ಅವಳು ಕಾರಿನ ಡ್ರೈವರನನ್ನು ಒಂದು ಮಾತೂ ಕೇಳಲಿಲ್ಲ. ಮಾಸ್ತಪ್ಪನಿಗೆ ಆಗ ನಿಜವಾಗಿ ಗಾಬರಿಯಾಯಿತು.

ಹಿರಿಯ ಮಗ ಉಮೇಶ ಸಾಗರದ ಎಲೆಕ್ಟ್ರಿಕಲ್ ಅಂಗಡಿಯಲ್ಲಿರುವವನು, ಎಲ್ಲದಕ್ಕೂ ಅವನ ಹತ್ತಿರ ಉಪಾಯವಿದೆ. "ಅಮ್ಮ, ನೀನು ಹಿಂದೆ ಬರೆದಿದ್ದರ ಫೋಟೋ ಇದೆ. ಅದನ್ನೇ ಫ್ಲೆಕ್ಸ್ ಮಾಡಿಸಿ ಗೋಡೆಗೆ ಹೊಡೆಯೋಣ. ಲೈಟ್ ಬಿಟ್ರೆ ಗೊತ್ತೇ ಆಗೋದಿಲ್ಲ," ಎಂದ. ಯಮುನಮ್ಮ ಎರಡು ದಿನ ಅವನೊಂದಿಗೆ ಮಾತು ಬಿಟ್ಟಳು.

ಬಲಗೈ ಜೋಳಿಗೆಯಲ್ಲಿ ಕೂತ ಮೇಲೆ ಎಡಗೈಯ ಪಾಡು ಶುರುವಾಯಿತು. ಹಲ್ಲುಜ್ಜುವುದು, ತಲೆ ಬಾಚುವುದು, ಸೀರೆಯ ನೆರಿಗೆ ಹಿಡಿಯುವುದು ಎಲ್ಲವನ್ನೂ ಹೊಸದಾಗಿ ಕಲಿಯಬೇಕಾಯಿತು. ಊಟದ್ದೇ ದೊಡ್ಡ ಕಷ್ಟ. ಎಡಗೈಯಲ್ಲಿ ಉಣ್ಣುವುದೆಂದರೆ ಅವಳಿಗೆ ಅಸಹ್ಯ. ಚಮಚದಲ್ಲಿ ಉಂಡರೆ ಹೊಟ್ಟೆ ತುಂಬಿದಂತಾಗುವುದಿಲ್ಲ. ಉಮೇಶನ ಹೆಂಡತಿ ಆಶಾ ಅನ್ನ ಕಲಸಿ ಕೊಡುತ್ತಿದ್ದಳು. ತೀರ್ಥಹಳ್ಳಿ ಕಡೆಯ ಹುಡುಗಿ, ಮನೆಯಲ್ಲೇ ಮಿಷನ್ ಇಟ್ಟುಕೊಂಡು ಊರಿನವರಿಗೆ ಬ್ಲೌಸ್ ಹೊಲಿಯುತ್ತಾಳೆ. ಮಾತು ಕಡಿಮೆ. ಅವಳದು ಎಡಗೈ ರೂಢಿ.

ಏಳು ವರ್ಷದಿಂದ ಒಂದೇ ಒಲೆಯ ಮುಂದೆ ಇದ್ದರೂ ಯಮುನಮ್ಮ ಆ ಎಡಗೈಯನ್ನು ಸರಿಯಾಗಿ ನೋಡಿದ್ದು ಈಗ. ತನ್ನ ಎಡಗೈ ಸೌತೆಕಾಯಿಯನ್ನೂ ನೆಟ್ಟಗೆ ಹೆಚ್ಚಲಾರದೆ ಒದ್ದಾಡುವಾಗ ಸೊಸೆಯ ಎಡಗೈ ಹೇಗೆ ನಡೆಯುತ್ತದೆ? ಕತ್ತರಿ ಯಾವ ಕಡೆಗೆ ತಿರುಗಿಸಿ ಹಿಡಿಯುತ್ತಾಳೆ? ಸೂಜಿಗೆ ದಾರ ಪೋಣಿಸುವುದು ಯಾವ ಕೈ?

"ನೀನು ಉಣ್ಣೋದು ಮಾತ್ರ ಬಲಗೈಲಿ ಅಲ್ಲೇನೆ?" ಒಂದು ದಿನ ಕೇಳಿದಳು.

"ಹೌದು ಅತ್ತೆ. ಸಣ್ಣೋಳಿದ್ದಾಗ ಎಡಗೈಗೆ ಸೌಟು ಕಾಸಿ ಇಟ್ಟಿದ್ರು, ಅಜ್ಜಿ." ಆಶಾ ಮುಂಗೈಯ ಹಳೆಯ ಕಲೆ ತೋರಿಸಿ, ಅನ್ನದ ತಟ್ಟೆ ಮುಂದಿಟ್ಟು ಹೋದಳು.

ಆ ಮಾತು ಯಮುನಮ್ಮನಿಗೆ ಚುಚ್ಚಿತು. ಆಶಾ ಮದುವೆಯಾಗಿ ಬಂದ ವರ್ಷ ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಬುಟ್ಟಿಯ ಮೇಲೆ ಚಿತ್ತಾರ ಬರೆಯುವಾಗ, ಹೊಸ ಸೊಸೆ ಆಸೆಯಿಂದ ಕುಂಚ ಎತ್ತಿಕೊಂಡಿದ್ದಳು. ಎಡಗೈಯಲ್ಲಿ. ನಾಲ್ಕು ಜನರ ಮುಂದೆ ಯಮುನಮ್ಮ ಕುಂಚ ಕಸಿದುಕೊಂಡು, "ಇದು ಎಡಗೈಲಿ ಮುಟ್ಟೋದಲ್ಲ ಕಣೆ, ನೀನು ಅಕ್ಕಿ ಅರೆದು ಕೊಡು ಸಾಕು," ಎಂದಿದ್ದಳು. ಅಂದಿನಿಂದ ಆಶಾ ಅಕ್ಕಿ ಅರೆದು ಕೊಡುತ್ತಾ ಬಂದಿದ್ದಾಳೆ. ಸೌಟು ಕಾಸಲಿಲ್ಲ ಎನ್ನುವುದೊಂದೇ ವ್ಯತ್ಯಾಸ ಎಂದು ಯಮುನಮ್ಮನಿಗೆ ಆ ದಿನ ಅನ್ನ ನುಂಗುವಾಗ ಅನ್ನಿಸಿತು.

ಜೋಳಿಗೆ ಬಿಚ್ಚಿದ ಮೇಲೆ ಸಾಗರದಲ್ಲಿ ಫಿಸಿಯೋಥೆರಪಿ. ಬಿಂದು ಎನ್ನುವ ಹುಡುಗಿ, ಮಗಳಷ್ಟು ವಯಸ್ಸು, ಅತ್ತೆಯಷ್ಟು ಜೋರು. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಇರುವೆಯಂತೆ ಮೇಲೆ ನಡೆಸಬೇಕು, ಮುಟ್ಟಿದ ಕಡೆ ದಿನಾ ಒಂದು ಗುರುತು ಹಾಕಬೇಕು ಎಂದು ಹೇಳಿಕೊಟ್ಟಳು. ಯಮುನಮ್ಮನ ಮನೆ ಈಗ ಆರ್‌ಸಿಸಿ. ಆದರೂ ನಡುಮನೆಯ ಒಂದು ಗೋಡೆಗೆ ಮಾತ್ರ ಪೇಂಟ್ ಹೊಡೆಸದೆ ಕೆಮ್ಮಣ್ಣು ಬಳಿದೇ ಇಟ್ಟಿದ್ದಾರೆ, ಹಸೆಗೆಂದು. ಅವಳು ಆ ಗೋಡೆಯನ್ನೇ ಹಿಡಿದಳು. ಬಲಗೈ ಏರಿ ನಿಂತ ಕಡೆ ಎಡಗೈಯಲ್ಲಿ ಅಕ್ಕಿಹಿಟ್ಟಿನ ಚುಕ್ಕಿ ಇಡುವಳು. ಎದೆಮಟ್ಟದಲ್ಲಿ ಶುರುವಾದ ಚುಕ್ಕಿಗಳು ಆಪರೇಷನ್ ಆದ ಒಂಬತ್ತನೆಯ ವಾರಕ್ಕೆ ಹಣೆಯ ಮಟ್ಟಕ್ಕೆ ಬಂದವು.

ಬಿಂದು ಫೋನಿನಲ್ಲಿ ವೀಡಿಯೊ ತರಿಸಿಕೊಂಡು ನೋಡಿದಳು. "ಅಮ್ಮಾ, ನೀವು ಹಿಮ್ಮಡಿ ಎತ್ತಿದ್ದೀರಿ. ಇದು ಕೈ ಏರಿದ್ದಲ್ಲ, ಮೈ ಏರಿದ್ದು."

"ಮೈ ಏರಿದ್ರೆ ಕೈ ಕೆಳಗೆ ಉಳೀತದಾ?" ಎಂದು ಯಮುನಮ್ಮ ವಾದಿಸಿದಳು. ಆದರೆ ಸಿಕ್ಕಿಬಿದ್ದದ್ದು ಅವಳಿಗೂ ಗೊತ್ತಿತ್ತು.

ಹತ್ತನೆಯ ವಾರದ ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಮಾಸ್ತಪ್ಪ ಸೊಸೈಟಿಗೆ ಹೋಗಿದ್ದ, ಆಶಾ ಹೊಲಿದ ಬ್ಲೌಸ್ ಕೊಡಲು ಹೋಗಿದ್ದಳು. ಭುಜದಲ್ಲಿ ನೋವಿರಲಿಲ್ಲ. ದೋಸೆಗೆಂದು ಅರೆದಿಟ್ಟ ಅಕ್ಕಿ ಇತ್ತು, ಗೋಡೆಯ ಗೂಡಿನಲ್ಲಿ ಇಟ್ಟಿದ್ದ ಕುಂಚ ಇತ್ತು. ಒಂದೇ ಒಂದು ಎಳೆ ಎಳೆದು ನೋಡಿದರೆ ಏನಾದೀತು ಎಂಬ ಪ್ರಶ್ನೆಯೂ ಇತ್ತು. ಈ ಪ್ರಶ್ನೆಯನ್ನು ಡಾಕ್ಟರನ್ನು ಕೇಳಬೇಕಿತ್ತು, ಅವಳು ಗೋಡೆಯನ್ನು ಕೇಳಿದಳು.

ತಲೆಯ ಮಟ್ಟದಲ್ಲಿ ಎಡದಿಂದ ಬಲಕ್ಕೆ ಎರಡು ಗೇಣು ಎಳೆ ನೆಟ್ಟಗೆ ಹೋಯಿತು. ಎಂಥ ಸುಖ! ಮೂರನೆಯ ಗೇಣಿಗೆ ಭುಜದೊಳಗೆ ಕಾದ ಕಬ್ಬಿಣ ಇಟ್ಟಂತಾಗಿ ಕುಂಚ ನೆಲಕ್ಕೆ ಬಿತ್ತು. ಗೋಡೆಗೆ ಒರಗಿ ಕುಸಿದು ಕೂತವಳಿಗೆ ದಾರ ಹರಿಯಿತೆಂದೇ ಅನ್ನಿಸಿತು. ಅರ್ಧಕ್ಕೆ ನಿಂತ ಎಳೆಯನ್ನು ಗೋಡೆಯ ಮೇಲೆ ಬಿಡಬಾರದು ಎಂದು ಅವರಲ್ಲಿ ನಂಬಿಕೆ. ಆದರೆ ಮುಂದುವರಿಸಲು ಕೈ ಬಾರದು, ಒರೆಸಲು ಮನಸ್ಸು ಬಾರದು.

ಮರುದಿನ ಬಿಂದು ಕೈ ಹಿಡಿದು ನೋಡಿ, ಬೈಯದೆ ಸ್ಕ್ಯಾನಿಗೆ ಚೀಟಿ ಬರೆದಳು. ಅದೇ ಹೆಚ್ಚು ಹೆದರಿಸಿತು. ಸ್ಕ್ಯಾನ್ ಮಾಡಿಸಿದರು, ಶಿವಮೊಗ್ಗದ ಡಾಕ್ಟರಿಗೆ ಕಳಿಸಿದರು. ಹೊಲಿಗೆ ಉಳಿದಿದೆ, ಊತ ಬಂದಿದೆ, ಮತ್ತೆ ಎದೆಮಟ್ಟದಿಂದ ಶುರುಮಾಡಬೇಕು ಎಂದು ಉತ್ತರ ಬಂತು. "ಇನ್ನೊಂದ್ಸಲ ಹಿಂಗೆ ಮಾಡಿದ್ರೆ ನನ್ನ ಹತ್ರ ಬರಬೇಡಿ ಅಮ್ಮ. ನಿಮ್ಮ ಕೈ ಹೋಗೋದನ್ನ ನೋಡೋಕೆ ನಂಗಾಗಲ್ಲ," ಎಂದ ಬಿಂದುವಿನ ಕಣ್ಣು ಒದ್ದೆಯಾಗಿತ್ತು. ಊರಿಗೆ ಬರುವ ಬಸ್ಸಿನಲ್ಲಿ ಯಮುನಮ್ಮ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಕೈ ಉಳಿಯಿತೆಂಬ ಸಮಾಧಾನಕ್ಕೆ ಅತ್ತಳೋ, ಹಸೆ ಹೋಯಿತೆಂಬ ಸಂಕಟಕ್ಕೋ, ಅವಳಿಗೇ ತಿಳಿಯಲಿಲ್ಲ. ಎರಡೂ ಇತ್ತು.

ಆ ಗೋಡೆಯ ಕಡೆ ಮೂರು ದಿನ ನೋಡಲೇ ಇಲ್ಲ. ನಾಲ್ಕನೆಯ ದಿನ ವ್ಯಾಯಾಮಕ್ಕೆಂದು ಹೋಗಿ ನಿಂತವಳು ಹಾಗೇ ನಿಂತುಬಿಟ್ಟಳು. ಅರ್ಧಕ್ಕೆ ಬಿಟ್ಟಿದ್ದ ಎಳೆ ಗೋಡೆಯ ಬಲಗಡೆಯ ಅಂಚಿನವರೆಗೆ ಪೂರ್ತಿಯಾಗಿತ್ತು. ಒಂದಿಷ್ಟೂ ನಡುಕವಿಲ್ಲ. ಎಲ್ಲಿ ನಿಂತಿತ್ತು, ಎಲ್ಲಿಂದ ಮುಂದುವರಿಯಿತು ಎಂದು ಬರೆದವಳೇ ಹುಡುಕಬೇಕಾಯಿತು.

ಯಾರು? ಊರಿನಲ್ಲಿ ಇಷ್ಟು ಸಣ್ಣ ಎಳೆ ಎಳೆಯುವ ಕೈ ಇನ್ನೊಂದು ಇಲ್ಲ. ಯಮುನಮ್ಮ ಕನ್ನಡಕ ತಂದು ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋದಳು. ಕುಂಚ ಗೋಡೆ ಮುಟ್ಟಿದ ಕಡೆ ಬಿಳಿ ದಪ್ಪಗಿರುತ್ತದೆ, ಸಾಗಿದಂತೆ ತೆಳುವಾಗುತ್ತದೆ. ಅವಳ ಎಳೆ ಎಡಗಡೆ ದಪ್ಪ, ಬಲಕ್ಕೆ ಹೋದಂತೆ ತೆಳು. ಆಮೇಲಿನದು ಉಲ್ಟಾ. ಬಲಗಡೆಯ ಅಂಚಿನಲ್ಲಿ ದಪ್ಪ, ಎಡಕ್ಕೆ ಬಂದಂತೆ ತೆಳು. ಅಂದರೆ ಬರೆದವರು ಆ ತುದಿಯಿಂದ ಹೊರಟು, ಹಿಂದಕ್ಕೆ ಬಂದು, ಅವಳ ಎಳೆಯನ್ನು ಎದುರುಗೊಂಡಿದ್ದಾರೆ. ಹಾಗೆ ಬಲದಿಂದ ಎಡಕ್ಕೆ ಎಳೆಯುವುದು ಯಾವ ಕೈಗೆ ಸಲೀಸು ಎಂದು, ಹತ್ತು ವಾರ ಎಡಗೈಯಲ್ಲಿ ಬದುಕಿದವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮೊದಲು ಹೊಟ್ಟೆಕಿಚ್ಚಾಯಿತು. ಇದ್ದದ್ದು ಹೇಳಬೇಕಲ್ಲ. ಆಮೇಲೆ, "ಆಶಾ!" ಎಂದು ಕೂಗಿದಳು.

ಮಿಷನ್ ನಿಂತಿತು. ಬಂದು ಗೋಡೆ ನೋಡಿದ ಆಶಾಳ ಮುಖ ಬಿಳುಚಿತು. "ತಪ್ಪಾಯ್ತು ಅತ್ತೆ. ಅರ್ಧ ಎಳೆ ದಿನಾ ಕಣ್ಣಿಗೆ ಚುಚ್ತಾ ಇತ್ತು. ಒರೆಸಿಬಿಡ್ತೀನಿ."

"ಒರೆಸಿದ್ರೆ ನೋಡು! ಎಲ್ಲಿ ಕಲಿತೆ ಇದನ್ನ?"

"ಹಿತ್ಲಲ್ಲಿ. ಬಟ್ಟೆ ಒಗೆಯೋ ಕಲ್ಲಿನ ಮೇಲೆ."

"ಎಂತ?"

"ಅಕ್ಕಿ ಅರೆದು ಕೊಟ್ಟ ಮೇಲೆ ಸ್ವಲ್ಪ ಉಳೀತಿತ್ತಲ್ಲ. ನೀವು ಇಲ್ಲಿ ಬರೆದಿದ್ದನ್ನ ನೋಡ್ಕೊಂಡು ಹೋಗಿ ಅಲ್ಲಿ ಬರೀತಿದ್ದೆ. ಆಮೇಲೆ ನೀರು ಹಾಕಿ ತೊಳೆದುಬಿಡ್ತಿದ್ದೆ."

"ಏಳು ವರ್ಷ?"

"ಹೂಂ."

"ನಂಗೊಂದು ಮಾತು ಹೇಳಬಹುದಿತ್ತಲ್ಲೆ ಮಾರಾಯ್ತಿ."

ಆಶಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನೀವೂ ಕೇಳಬಹುದಿತ್ತು ಅತ್ತೆ," ಎಂದಳು.

ಬಸ್ಸಿನವರನ್ನು, ಬೋರಿನವರನ್ನು, ಭುಜದೊಳಗಿನ ಮೊಳೆಯನ್ನು ಕೂಡ ಕೇಳಿದ ಯಮುನಮ್ಮ ಸೊಸೆಯನ್ನು ಮಾತ್ರ ಕೇಳಿರಲಿಲ್ಲ. ನಾಚಿಕೆಯಾಯಿತು, ಚೆನ್ನಾಗಿಯೇ ಆಯಿತು. ಅವಳು ಎಡಗೈಯಲ್ಲಿ ಸೊಸೆಯ ಎಡಗೈ ಹಿಡಿದು, ಮುಂಗೈಯ ಕಲೆಯನ್ನು ಒಮ್ಮೆ ಸವರಿ, "ಶಿವರಾಮನ ಹಸೆ ನೀನು ಬರೀಬೇಕು," ಎಂದಳು.

ಏಪ್ರಿಲ್ ಕೊನೆಗೆ ಗೋಡೆಗೆ ಹೊಸದಾಗಿ ಕೆಮ್ಮಣ್ಣು ಬಳಿದರು. ಚುಕ್ಕಿಗಳೂ ಆ ಜಂಟಿ ಎಳೆಯೂ ಮಣ್ಣಿನಡಿಗೆ ಹೋದವು. ಆಶಾ ಸ್ಟೂಲಿನ ಮೇಲೆ ನಿಂತು ಬರೆದಳು. ಯಮುನಮ್ಮ ಕೆಳಗೆ ಕೂತು, ಬಾಸಿಂಗ ಎಲ್ಲಿ ಬರಬೇಕು, ಪಲ್ಲಕ್ಕಿಗೆ ಎಷ್ಟು ಎಳೆ ಎಂದು ಹೇಳುತ್ತ, ಅಕ್ಕಿಯ ಬಟ್ಟಲನ್ನು ಎಡಗೈಯಲ್ಲಿ ಎತ್ತಿ ಕೊಡುತ್ತ ಇದ್ದಳು. ನಡುವೆ ನಡುವೆ, "ಅಲ್ವೇ, ಕೈ ನಿಂದು ಗೆರೆಗೆ ಅಡ್ಡ ಬರೋದಿಲ್ವಾ? ಒಣಗೋ ಮುಂಚೆ ಅಳಿಸಿ ಹೋಗೋದಿಲ್ವಾ?" ಎಂದು ಏಳು ವರ್ಷದ ಪ್ರಶ್ನೆಗಳನ್ನೆಲ್ಲ ಒಟ್ಟಿಗೆ ಕೇಳಿದಳು. ಮೂರನೆಯ ದಿನಕ್ಕೆ ಆಶಾ ಸಾಕಾಗಿ, "ಅತ್ತೆ, ಅರ್ಧ ಗಂಟೆ ಬಾಯಿಗೂ ಜೋಳಿಗೆ ಹಾಕ್ಕೊಳ್ಳಿ," ಎಂದಳು. ಮಾಸ್ತಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ.

ಭಯವಿದ್ದದ್ದು ಪುಷ್ಪಮ್ಮನದು. ಹೊಸನಗರದ ಕಡೆಗೆ ಕೊಟ್ಟ ಹಿರಿಯಕ್ಕ, ಶಾಸ್ತ್ರದಲ್ಲಿ ಒಂದು ಕಾಳೂ ಆಚೀಚೆ ಆಗಲು ಬಿಡದವಳು. ಅವಳು ಮದುವೆಯ ಹಿಂದಿನ ದಿನ ಬರುವವಳಿದ್ದಳು. ಆ ದಿನ ಬೆಳಿಗ್ಗೆ ಆಶಾ ತಾನೇ ಬಂದು ಮೆಲ್ಲಗೆ ಹೇಳಿದಳು, "ನೀವೇ ಬರೆದಿದ್ದು ಅಂತ ಹೇಳಿ ಅತ್ತೆ. ನಂಗೆ ಬೇಜಾರಿಲ್ಲ. ಸುಮ್ನೆ ಮದುವೆ ಮನೇಲಿ ಮಾತು ಬೇಡ."

ಹಾಗೆ ಹೇಳುವುದು ಬಹಳ ಸುಲಭವಾಗಿತ್ತು. ಯಮುನಮ್ಮನಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳು.

ಪುಷ್ಪಮ್ಮ ಬಂದವಳು ಚೀಲ ಇಡುವ ಮೊದಲೇ ಗೋಡೆಯ ಮುಂದೆ ನಿಂತಳು. ಮೇಲಿಂದ ಕೆಳಗೆ ನೋಡಿದಳು. ಮನೆ ತುಂಬ ನೆಂಟರು. "ಆಪರೇಷನ್ ಆದ ಕೈಲಿ ಇಷ್ಟು ಚೆಂದ! ಯಮುನಾ, ಅಮ್ಮನ್ನೂ ಮೀರಿಸಿದೆ ಬಿಡು," ಎಂದಳು.

"ನನ್ನ ಕೈ ಅಲ್ಲ ಅಕ್ಕ. ಆಶಂದು. ಎಡಗೈ."

ಅಡುಗೆಮನೆಯ ಬಾಗಿಲಲ್ಲಿ ಆಶಾ ತಲೆ ತಗ್ಗಿಸಿ ನಿಂತಳು.

"ಎಡಗೈಲಿ ಹಸೆಯಾ? ಅದಾಗೋದಲ್ಲ ಅಂತ ನಿಂಗೆ ಗೊತ್ತಿಲ್ವಾ?"

"ಆಗೋದಲ್ಲ ಅಂತ ಯಾರು ಹೇಳಿದ್ದು ಅಕ್ಕ?"

"ಅಮ್ಮ."

"ಅಮ್ಮಂಗೆ ಯಾರು ಹೇಳಿದ್ದು? ನೀನು ಕೇಳಿದ್ಯಾ? ನಾನು ಕೇಳಿಲ್ಲ ನೋಡು. ಸಿಕ್ಕಿದ್ದೆಲ್ಲ ಕೇಳಿದೋಳು ಇದೊಂದನ್ನ ಕೇಳ್ಲಿಲ್ಲ. ಕೇಳದೇ ಇವಳ ಕೈಯಿಂದ ಕುಂಚ ಕಿತ್ತುಕೊಂಡೆ."

ಪುಷ್ಪಮ್ಮ ಚೀಲ ಕೆಳಗಿಟ್ಟಳು. ಮತ್ತೆ ಗೋಡೆ ನೋಡಿದಳು. ನೋಡುತ್ತ ನೋಡುತ್ತ ಬಗ್ಗಿ, ಕೆಳಗಿನ ಅಂಚಿಗೆ ಬೆರಳು ತೋರಿಸಿ, "ಇಲ್ಲೊಂದು ಎಳೆ ಬಿಟ್ಟಿದ್ಯಲ್ಲ," ಎಂದಳು. ಅದು ತಪ್ಪಿದ್ದಲ್ಲ. ಕೊನೆಯ ಎಳೆಯನ್ನು ಮದುಮಗನ ತಾಯಿ ಎಳೆಯುವುದು ಅವರ ಮನೆಯ ವಾಡಿಕೆ, ಪುಷ್ಪಮ್ಮನಿಗೂ ಗೊತ್ತಿತ್ತು. ಅವಳೇ ಕುಂಚ ಎತ್ತಿ ತಂಗಿಯ ಕಡೆ ಚಾಚಿದಳು.

ನೆಲದ ಹತ್ತಿರದ ಎಳೆ. ಕೂತು ಬರೆದರೆ ಬಲಗೈಯೂ ಮುಟ್ಟುತ್ತಿತ್ತು, ಬಿಂದುವೂ ಬೇಡವೆನ್ನುತ್ತಿರಲಿಲ್ಲ. ಯಮುನಮ್ಮ ಗೋಡೆಯ ಮುಂದೆ ಕೂತಳು. ಕುಂಚವನ್ನು ಎಡಗೈಗೆ ತೆಗೆದುಕೊಂಡಳು. ಆಮೇಲೆ ಅಷ್ಟೂ ನೆಂಟರ ಮುಂದೆ ಬಾಗಿಲ ಕಡೆ ತಿರುಗಿ ಕೇಳಿದಳು:

"ಆಶಾ, ಬಾ ಇಲ್ಲಿ. ಈ ಕೈಲಾದ್ರೆ ಯಾವ ಕಡೆಯಿಂದ ಶುರು ಮಾಡ್ಬೇಕೆ?"

ಆಶಾ ಬಂದು ಪಕ್ಕದಲ್ಲಿ ಕೂತಳು. "ಬಲಗಡೆಯಿಂದ ಅತ್ತೆ," ಎಂದಳು.